ಷಡ್ಡಕನ ಕಿಡಿ, ನನ್ನ ಕಡ್ಡಿ

ಇವತ್ತು ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಫೋಟೊ. ಮಂಡಿಯೂರಿ ಕುಳಿತ ನನ್ನ ಷಡ್ಡಕ, ಎದುರಿಗೆ ಧಗಧಗ ಉರಿಯುವ ಬೆಂಕಿ, ಮುಖದಲ್ಲಿ ಖಾಂಡವವನ ಸುಟ್ಟು ಬಂದ ಅರ್ಜುನನ ಕಳೆ. ಕೆಳಗೆ ‘ಬೆಂಕಿಪೊಟ್ಟಣ ಇಲ್ಲದೆ!’ ಎಂಬ ಒಕ್ಕಣೆ. ಸಾಗರದ ಚಿಕ್ಕಮ್ಮನಿಂದ ಹಿಡಿದು ನಾನು ಒಮ್ಮೆಯೂ ಕಂಡಿರದ ಹೊಸನಗರದ ದೊಡ್ಡಪ್ಪನವರೆಗೆ ಎಲ್ಲರ ಚಪ್ಪಾಳೆ. ನಾನೂ ಒಂದು ಹೆಬ್ಬೆರಳು ಒತ್ತಿದೆ. ಆಗ ನನ್ನ ಹೊಟ್ಟೆಯಲ್ಲಿ ಹತ್ತಿದ ಬೆಂಕಿಗೆ ಮಾತ್ರ ನಿಜವಾಗಿಯೂ ಬೆಂಕಿಪೊಟ್ಟಣ ಬೇಕಾಗಿರಲಿಲ್ಲ.

ನಾವಿಬ್ಬರೂ ಫಿನ್ಲೆಂಡಿನ ಎಸ್ಪೋದಲ್ಲಿದ್ದೇವೆ. ಸೆಪ್ಟೆಂಬರ್ ಕೊನೆಯಲ್ಲಿ ಇಲ್ಲಿನ ಕಾಡು ಅರಿಸಿನ, ಕುಂಕುಮ ಎರಡನ್ನೂ ಮೈಗೆ ಬಳಿದುಕೊಂಡು ನಿಲ್ಲುತ್ತದೆ. ಇದಕ್ಕೆ ಇವರ ಭಾಷೆಯಲ್ಲಿ ‘ರುಸ್ಕಾ’ ಎಂಬ ಹೆಸರೇ ಇದೆ. ಆ ವಾರಗಳಲ್ಲಿ ಭಾನುವಾರ ಮನೆಯಲ್ಲಿ ಕುಳಿತವನನ್ನು ಸೋಮವಾರ ಕಚೇರಿಯಲ್ಲಿ ಕಾಯಿಲೆಯವನಂತೆ ನೋಡುತ್ತಾರೆ. ಹಾಗಾಗಿ ಮೂರು ತಿಂಗಳ ವೀಸಾದಲ್ಲಿ ಬಂದಿದ್ದ ಅತ್ತೆಯವರನ್ನೂ ಕರೆದುಕೊಂಡು ನೂಕ್ಸಿಯೊ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. 245ನೇ ಬಸ್ ಹತ್ತಿ, ಇಳಿದು ನಡೆದು, ಹೌಕ್ಕಲಂಪಿ ಎಂಬ ಕೊಳದ ಹತ್ತಿರ ಬೆಂಕಿಯ ಜಾಗ ಹಿಡಿದೆವು. ಅಲ್ಲಿ ಸರ್ಕಾರವೇ ಸೌದೆ ಒಟ್ಟಿಟ್ಟಿರುತ್ತದೆ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಬೆಂಕಿ ಹಾಕುವಂತಿಲ್ಲ, ನಿಂತ ಮರದ ತೊಗಟೆ ಮುಟ್ಟುವಂತಿಲ್ಲ, ಕಾಡ್ಗಿಚ್ಚಿನ ಎಚ್ಚರಿಕೆ ಇದ್ದ ದಿನ ಕಡ್ಡಿಯನ್ನೂ ಗೀರುವಂತಿಲ್ಲ. ಇಷ್ಟು ಪಾಲಿಸಿದರೆ ಸೌದೆ ಪುಕ್ಕಟೆ.

ನನ್ನ ಲೆಕ್ಕದಲ್ಲಿ ಕೆಲಸ ಸುಲಭ. ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಕಲಸಿ ಡಬ್ಬಿಗೆ ತುಂಬಿಕೊಂಡಾಗಿತ್ತು. ನೀರು ಕುದಿಸಿ ಸುರಿದರೆ ಉಪ್ಪಿಟ್ಟು. ಕೆಂಡದಲ್ಲಿ ಎರಡು ಗುಂಡು ಬದನೆಕಾಯಿ ಸುಟ್ಟರೆ ಗೊಜ್ಜು. ಆದರೆ ಷಡ್ಡಕ ಬೇಸಿಗೆಯಿಡೀ ವಿಡಿಯೊ ನೋಡಿ ಕಾಡುಮನುಷ್ಯನಾಗಿದ್ದ. ಅವನ ಸೊಂಟದಲ್ಲಿ ಪೂಕ್ಕೊ ಎಂಬ ಇಲ್ಲಿನ ಚೂರಿ. ಅದು ಅದುವರೆಗೆ ಕೊಯ್ದಿದ್ದು ತಾನು ಬಂದ ರಟ್ಟಿನ ಪೆಟ್ಟಿಗೆಯನ್ನು ಮಾತ್ರ. ಕೊರಳಲ್ಲಿ ದಾರಕ್ಕೆ ಪೋಣಿಸಿದ ಕಪ್ಪು ಕಡ್ಡಿ, ಫೆರೊ ರಾಡ್.

“ಇದರ ಕಿಡಿ ಮೂರು ಸಾವಿರ ಡಿಗ್ರಿ, ಭಾವ” ಎಂದ.

ಸುಳ್ಳಲ್ಲ. ಸೀರಿಯಂ, ಕಬ್ಬಿಣ ಸೇರಿಸಿ 1903ರಲ್ಲಿ ಆಸ್ಟ್ರಿಯಾದ ವಿಜ್ಞಾನಿಯೊಬ್ಬರು ಪೇಟೆಂಟ್ ಪಡೆದ ವಸ್ತು. ಸಿಗರೇಟು ಲೈಟರಿನೊಳಗೆ ಕೂರುವ ಕಲ್ಲೂ ಇದೇ. “ಹಾಗಾದರೆ ಒಂದು ಲೈಟರನ್ನೇ ತರಬಹುದಿತ್ತಲ್ಲ?” ಎಂದೆ. ಅವನು ನನ್ನನ್ನು ನೋಡಿದ ರೀತಿ, ಸೋಮಯಾಗದ ಮಂಟಪದಲ್ಲಿ ಬೀಡಿ ಕೇಳಿದವನನ್ನು ನೋಡುವ ರೀತಿ.

ಬರ್ಚ್ ಸೌದೆಯ ತೊಗಟೆಯನ್ನು ಚೂರಿಯಿಂದ ಕೆರೆದು, ಗುಬ್ಬಿಗೂಡಿನಷ್ಟು ಪುಡಿ ಗುಡ್ಡೆ ಮಾಡಿದ. ಅದರಲ್ಲಿ ಎಣ್ಣೆಯ ಅಂಶವಿರುವುದರಿಂದ ತೇವವಿದ್ದರೂ ಉರಿಯುತ್ತದಂತೆ. ಮಂಡಿಯೂರಿದ. ಕಡ್ಡಿಯ ಮೇಲೆ ಚೂರಿಯ ಬೆನ್ನನ್ನು ಜೋರಾಗಿ ಎಳೆದ. ಚರ್ರನೆ ಕಿಡಿ ಸಿಡಿಯಿತು, ಅದೇ ರಭಸದಲ್ಲಿ ಚೂರಿಯ ತುದಿ ಗುಡ್ಡೆಗೆ ತಗುಲಿ ಪುಡಿಯೆಲ್ಲ ಚೆಲ್ಲಾಪಿಲ್ಲಿ. ಮತ್ತೆ ಗುಡ್ಡೆ ಮಾಡಿದ, ಮತ್ತೆ ಎಳೆದ, ಮತ್ತೆ ಚೆಲ್ಲಿದ. ಚೂರಿಯನ್ನು ಅಲುಗಾಡದಂತೆ ಹಿಡಿದು ಕಡ್ಡಿಯನ್ನು ಹಿಂದಕ್ಕೆ ಎಳೆಯಬೇಕು ಎಂದು ಮನೆಗೆ ಬಂದ ಮೇಲೆ ನಾನೇ ಹುಡುಕಿ ಓದಿದೆ. ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಅತ್ತೆಯವರು ಬೆಂಚಿನ ಮೇಲೆ ಶಾಲು ಹೊದ್ದು ಕುಳಿತು ಎಣಿಸುತ್ತಿದ್ದರಂತೆ. ಒಂದು ಹಂತದಲ್ಲಿ ತಣ್ಣಗೆ ಕೇಳಿದರು: “ಅಷ್ಟೋತ್ತರ ಮುಗಿಯಿತು. ಮಂಗಳಾರತಿ ಯಾವಾಗ?”

“ಅತ್ತೆ, ನಮ್ಮ ಪೂರ್ವಿಕರು ಅರಣಿಯಲ್ಲಿ ಮಥಿಸಿ ಅಗ್ನಿ ಹುಟ್ಟಿಸುತ್ತಿರಲಿಲ್ಲವೇ?”

“ಅವರಿಗೆ ದಕ್ಷಿಣೆ ಸಿಗುತ್ತಿತ್ತು.”

ಮಲೆನಾಡಿನ ಒಲೆಯ ಮುಂದೆ ಬೆಳೆದವರು, ಇವರಾದರೂ ಕೈಹಾಕಿಯಾರು ಎಂದು ನಾನು ಆಸೆಯಿಂದ ನೋಡಿದೆ. ಅವರು ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು. “ಇಪ್ಪತ್ತೆರಡು ವರ್ಷ ಮಳೆಗಾಲದ ಹಸಿ ಸೌದೆ ಊದಿದ್ದೇನೆ. ಗ್ಯಾಸ್ ಬಂದ ದಿನ ಊದುಗೊಳವೆಯನ್ನು ಅಡಿಕೆ ತೋಟಕ್ಕೆ ಎಸೆದೆ. ನೀವಿಬ್ಬರು ಸೇರಿ ನನ್ನನ್ನು ವಿಮಾನದಲ್ಲಿ ಕೂರಿಸಿ ಮತ್ತೆ ಒಲೆಯ ಮುಂದೆ ತಂದು ಬಿಟ್ಟಿರಿ” ಎಂದರು. ಕೊನೆಗೆ ಕರುಣೆ ತೋರಿಸಿದ್ದು ಪಾತ್ರೆಗೆ. ಹಳೆಯ ಬೂದಿಯನ್ನು ನೀರಿನಲ್ಲಿ ಕಲಸಿ ಅದರ ತಳಕ್ಕೆ, ಸುತ್ತಲಿಗೆ ಮೆತ್ತಿದರು. ಮಸಿ ಹಿಡಿದರೂ ತೊಳೆಯುವಾಗ ಸಲೀಸಾಗಿ ಬಿಡುತ್ತದೆ. ಬೆಂಕಿಯೇ ಇಲ್ಲದ ಒಲೆಗೆ ಪಾತ್ರೆ ಸಿದ್ಧವಾಯಿತು.

ಎದುರು ಬೆಂಚಿನಲ್ಲಿ ಒಬ್ಬ ಫಿನ್ನಿಷ್ ಅಜ್ಜ ಇದ್ದ. ಸಾಸೇಜ್ ಸುಡಲು ಬಂದವನು, ಇರುವ ಒಂದೇ ಕುಂಡವನ್ನು ನಾವು ಹಿಡಿದಿದ್ದರಿಂದ ಕಾಯುತ್ತಿದ್ದ. ಈ ದೇಶದವರು ಕೇಳದೆ ಸಲಹೆ ಕೊಡುವುದಿಲ್ಲ, ಕೇಳಿದರೂ ಯೋಚಿಸಿ ಕೊಡುತ್ತಾರೆ. ನಮ್ಮೂರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಹನ್ನೊಂದು ಜನ ಸುತ್ತ ನಿಂತು ಹದಿಮೂರು ವಿಧಾನ ಹೇಳಿ, ಇಬ್ಬರು ತಮ್ಮಲ್ಲೇ ಜಗಳವಾಡಿಕೊಂಡಿರುತ್ತಿದ್ದರು. ಈತ ಮುಕ್ಕಾಲು ಗಂಟೆ ತುಟಿ ಬಿಚ್ಚಲಿಲ್ಲ. ಆಮೇಲೆ ಎದ್ದ, ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ನನ್ನ ಪಕ್ಕದಲ್ಲಿಟ್ಟ, ಸಾಸೇಜನ್ನು ಹಸಿಯಾಗಿಯೇ ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಇಷ್ಟು ಕಡಿಮೆ ಮಾತಿನಲ್ಲಿ ಯಾರೂ ನನ್ನ ವಂಶವನ್ನು ಬೈದಿಲ್ಲ.

ಷಡ್ಡಕ ಆ ಪೊಟ್ಟಣದತ್ತ ಕಣ್ಣು ಹಾಯಿಸಲಿಲ್ಲ. ಪಕ್ಕದ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಎಂಬಾತ ಸುರಕ್ಷಿತ ಬೆಂಕಿಕಡ್ಡಿಗೆ ಪೇಟೆಂಟ್ ಪಡೆದದ್ದು 1844ರಲ್ಲಿ. ನೂರ ಎಂಬತ್ತು ವರ್ಷಗಳ ಮೇಲೂ ಅದರ ಪಕ್ಕದಲ್ಲೇ ನಾವು ಹಸಿದು ಕುಳಿತಿದ್ದೆವು. ಕಡೆಗೆ ಅವನು “ಈ ತೊಗಟೆ ಸರಿಯಿಲ್ಲ” ಎಂದು ಘೋಷಿಸಿ ಸೌದೆಯ ಕೊಟ್ಟಿಗೆಗೆ ಹೋದ. ಇದ್ದ ದೂರ ಮೂವತ್ತು ಹೆಜ್ಜೆ.

ನಾನು ಅತ್ತೆಯವರನ್ನು ನೋಡಿದೆ. ಅವರು ಕೊಳದ ಕಡೆ ಮುಖ ತಿರುಗಿಸಿದರು.

ಒಂದೇ ಕಡ್ಡಿ. ಎಣ್ಣೆಯ ಮಾತು ನಿಜವೇ. ತೊಗಟೆ ಕರ್ರಗೆ ಹೊಗೆಯಾಡಿ, ಮುರುಟಿಕೊಂಡು ಭುಗ್ಗೆಂದಿತು. ನಾನು ಪೊಟ್ಟಣ ಜೇಬಿಗಿಳಿಸಿ, ಪುಳ್ಳೆ ಒಡ್ಡಿ, ನೂಕ್ಸಿಯೊದ ಲಾಂಛನವಾದ ಹಾರುವ ಅಳಿಲನ್ನು ಹುಡುಕುವವನಂತೆ ಮರದ ತುದಿ ನೋಡುತ್ತ ನಿಂತೆ.

“ಭಾವ! ಒಳಗೇ ಕಿಡಿ ಹಿಡಿದಿತ್ತು! ನಾನು ಹೇಳಿರಲಿಲ್ಲವೇ?”

ಆಮೇಲಿನದು ನಿಮಗೆ ಗೊತ್ತೇ ಇದೆ. ಹದಿನೇಳು ಫೋಟೊ ತೆಗೆಸಿಕೊಂಡ. ತೆಗೆದವನೂ ನಾನೇ.

ಉಪ್ಪಿಟ್ಟಿಗೆ ಸ್ವಲ್ಪ ಹೊಗೆವಾಸನೆ ಹತ್ತಿತ್ತು. ಬದನೆಕಾಯಿ ಸಿಪ್ಪೆ ಸುಲಿದು, ಉಪ್ಪು, ಹಸಿಮೆಣಸು, ಹಸಿ ಕೊಬ್ಬರಿ ಎಣ್ಣೆ ಹಾಕಿ ಕಿವುಚುವಾಗ ಅತ್ತೆಯವರು ಕೆಂಡ ನೋಡುತ್ತ “ಹಲಸಿನ ಬೀಜವಿದ್ದಿದ್ದರೆ” ಎಂದಷ್ಟೇ ಹೇಳಿ ನಿಲ್ಲಿಸಿದರು. ನನಗೆ ಊರಿನ ಬಚ್ಚಲ ಒಲೆ ನೆನಪಾಯಿತು. ಹಂಡೆಯ ನೀರು ಕಾಯುವಷ್ಟರಲ್ಲಿ ಬೀಜ ಸುಟ್ಟು, ಬೂದಿ ಊದಿ, ನಾಲಿಗೆ ಸುಟ್ಟುಕೊಂಡು ತಿನ್ನುತ್ತಿದ್ದೆವು. ಈಗ ಆ ಮನೆಯಲ್ಲಿ ಸೋಲಾರ್ ಇದೆ. ಸ್ವಲ್ಪ ಹೊತ್ತು ಮೂವರೂ ಮಾತಾಡಲಿಲ್ಲ. ಆಮೇಲೆ ಷಡ್ಡಕ ಮೂರು ಸಾವಿರ ಡಿಗ್ರಿಯ ವಿಷಯ ಮತ್ತೆ ಎತ್ತಿದ.

ನಿನ್ನೆ ಸಂಜೆ ಅವನು ನಮ್ಮ ಮನೆಗೆ ಬಂದಿದ್ದ. ಬರುವ ಭಾನುವಾರ ತನ್ನ ಕಚೇರಿಯ ನಾಲ್ವರಿಗೆ ಬೆಂಕಿ ಹೊತ್ತಿಸುವುದನ್ನು ಕಲಿಸುತ್ತಾನಂತೆ, ಸಹಾಯಕನಾಗಿ ನಾನೂ ಹೋಗಬೇಕಂತೆ. ಮಾತಿನ ನಡುವೆ ದೇವರ ಗೂಡಿನ ಕಡೆ ತಿರುಗಿದವನು ದೀಪದ ಪಕ್ಕದಲ್ಲಿದ್ದ ಪೊಟ್ಟಣ ನೋಡಿದ. “ಇದು ಎಲ್ಲಿಯದು, ಅತ್ತೆ?”

ಅತ್ತೆಯವರು ಬತ್ತಿ ಹೊಸೆಯುತ್ತಲೇ ಹೇಳಿದರು: “ಅದೋ? ಕಾಡಿನಲ್ಲಿ ಸಿಕ್ಕಿತು. ಒಂದು ಕಡ್ಡಿ ಕಡಿಮೆಯಿದೆ.”