ಶ್ವೆಡೋವಾ ಆಟ ನಾನು ನೋಡಲಿಲ್ಲ

2008ರ ಮಾರ್ಚ್. ಕಾಫಿ ತೋಟದಲ್ಲಿ ಹೂ ಮಳೆಗೆ ಕಾಯುವ ಸಮಯ. "ಈಗ ಯಾರಾದ್ರೂ ಊರು ಬಿಡ್ತಾರೇನೇ?" ಅಂತ ಅಪ್ಪ ಗೊಣಗಿದರು. ಆದರೂ ಚಿಕ್ಕಪ್ಪನ ಜೊತೆ ಚಿಕ್ಕಮಗಳೂರಿನಿಂದ ರಾತ್ರಿ ಬಸ್ ಹತ್ತಿದೆ. ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಂನಲ್ಲಿ ಮಹಿಳಾ ಟೂರ್ನಿಯ ಸೆಮಿಫೈನಲ್. ವೀನಸ್ ಮತ್ತು ಸೆರೆನಾ ವಿಲಿಯಮ್ಸ್. ಅಕ್ಕ-ತಂಗಿ ನಮ್ಮ ಬೆಂಗಳೂರಲ್ಲಿ!

ಟಿವಿಯಲ್ಲಿ ಗೊತ್ತಾಗದೇ ಇದ್ದದ್ದು ಆ ಸದ್ದು. ಸೆರೆನಾ ಸರ್ವ್ ಮಾಡಿದರೆ ಸಿಲ್ವರ್ ಓಕ್ ಕೊಂಬೆ ಮುರಿದ ಹಾಗೆ ಕೇಳಿಸುತ್ತಿತ್ತು. ಮೂರನೇ ಸೆಟ್‌ನಲ್ಲಿ ಅಕ್ಕನಿಗೆ ಮ್ಯಾಚ್ ಪಾಯಿಂಟ್, ಅಂದರೆ ಒಂದೇ ಪಾಯಿಂಟ್‌ಗೆ ಗೆಲ್ಲೋ ಅವಕಾಶ, ಸಿಕ್ಕಿತು, ತಪ್ಪಿಯೂ ಹೋಯಿತು. 6-3, 3-6, 7-6. ಗೆದ್ದ ತಂಗಿ ಫೈನಲ್‌ನಲ್ಲಿ ಪ್ಯಾಟಿ ಷ್ನೈಡರ್ ಮೇಲೂ ಗೆದ್ದಳು. ಅಷ್ಟರಲ್ಲಿ ನಾವು ಊರು ಸೇರಿಯಾಗಿತ್ತು.

ಊರಲ್ಲಿ ಕ್ಲಬ್ಬಿನ ಕೋರ್ಟ್ ನೋಡಿಕೊಳ್ಳುವ ಮಾರ್ಕರಣ್ಣ ಕೇಳಿದ್ದು ಒಂದೇ.
"ಮಣ್ಣಿನ ಕೋರ್ಟಾ ಅಮ್ಮಾ?"
"ಅಲ್ಲಣ್ಣ, ಗಟ್ಟಿ ನೆಲ."
"ಹಂಗಾದ್ರೆ ರೋಲರ್ ಎಳೆಯೋ ಕೆಲ್ಸ ಇಲ್ಲ. ಪುಣ್ಯವಂತರು ಬಿಡಿ."

ಆ ಟೂರ್ನಿ ಮತ್ತೆ ನಡೆಯಲಿಲ್ಲ. ಹೈದರಾಬಾದಿನಲ್ಲಿ ಇದ್ದದ್ದು 2006ರಲ್ಲಿ ಬೆಂಗಳೂರಿಗೆ ಬಂತು. ಅಲ್ಲೂ ಮೂರು ವರ್ಷ, ಇಲ್ಲೂ ಮೂರೇ ವರ್ಷ. 2005ರಲ್ಲಿ ಸಾನಿಯಾ ತನ್ನೂರಲ್ಲೇ ಕಪ್ ಎತ್ತಿದ್ದು ಇದೇ ಟೂರ್ನಿಯಲ್ಲಿ. 2009ರಲ್ಲಿ ಮಹಿಳಾ ಟೆನಿಸ್ ನಡೆಸುವ ಡಬ್ಲ್ಯೂಟಿಎ ಸಂಸ್ಥೆ ಟೂರ್ನಿಗಳಿಗೆ ದರ್ಜೆ ಕೊಡುವ 'ಟೈರ್' ಪದ್ಧತಿ ತೆಗೆದು ಪ್ರೀಮಿಯರ್, ಇಂಟರ್‌ನ್ಯಾಷನಲ್ ಅಂತ ಹೊಸ ಪಟ್ಟಿ ಮಾಡಿತು. ಅದರಲ್ಲಿ ಬೆಂಗಳೂರು ಇರಲಿಲ್ಲ.

ಈಗಲೂ ಆ ಟೂರ್ನಿ ಅಂದರೆ ಎಲ್ಲರೂ ಸೆರೆನಾ ಬಂದದ್ದನ್ನೇ ಹೇಳುತ್ತಾರೆ. ನನಗೆ ಹೊಟ್ಟೆ ಉರಿಯೋದು ಅದರ ಹಿಂದಿನ ಎರಡು ವರ್ಷಕ್ಕೆ. ಆಗ ಅದು ಟೈರ್ 3, ಅಂದರೆ ಮೂರನೇ ದರ್ಜೆ. ದೊಡ್ಡ ಹೆಸರು ಕಮ್ಮಿ. 2006ರಲ್ಲಿ ಗೆದ್ದವಳು ಇಟಲಿಯ ಮಾರಾ ಸಾಂಟಾಂಜೆಲೊ. ಮರುವರ್ಷ ಅವಳನ್ನೇ ಫೈನಲ್‌ನಲ್ಲಿ ಸೋಲಿಸಿದ್ದು 19 ವರ್ಷದ ಯಾರೋಸ್ಲಾವಾ ಶ್ವೆಡೋವಾ. ಸಿಂಗಲ್ಸ್‌ನಲ್ಲಿ ಅವಳು ಗೆದ್ದ ಡಬ್ಲ್ಯೂಟಿಎ ಕಪ್ ಅದೊಂದೇ, ಅದೂ ಕಬ್ಬನ್ ಪಾರ್ಕಿನಲ್ಲಿ. ಅದೇ ಹುಡುಗಿ 2012ರ ವಿಂಬಲ್ಡನ್‌ನಲ್ಲಿ ಸಾರಾ ಎರಾನಿಗೆ ಒಂದು ಸೆಟ್‌ನಲ್ಲಿ ಒಂದೇ ಒಂದು ಪಾಯಿಂಟ್ ಬಿಡಲಿಲ್ಲ. ಸತತ 24 ಪಾಯಿಂಟ್! ಅಂಥ ಸೆಟ್‌ಗೆ ಗೋಲ್ಡನ್ ಸೆಟ್ ಅಂತಾರೆ. ಅವತ್ತು ಟಿವಿ ಮುಂದೆ ಕೂತು ಹಣೆ ಚಚ್ಚಿಕೊಂಡೆ.

ಟೆನಿಸ್ ಬೆಳೆಯೋದು ಇಂಥ ಟೂರ್ನಿಗಳಲ್ಲಿ ಅಂತ ನಾನು ಯಾವಾಗಲೂ ವಾದ ಮಾಡುತ್ತೇನೆ. ಸೆರೆನಾಳ ಒಂದು ವಾರಕ್ಕಿಂತ ಸಾಂಟಾಂಜೆಲೊ, ಶ್ವೆಡೋವಾ ಥರದವರು ಹತ್ತು ವರ್ಷ ಬಂದಿದ್ದರೆ ನಮ್ಮ ಹುಡುಗಿಯರಿಗೆ ಜಾಸ್ತಿ ಲಾಭ ಇತ್ತು. ವೈಲ್ಡ್ ಕಾರ್ಡ್, ಅಂದರೆ ರ‍್ಯಾಂಕಿಂಗ್ ಸಾಲದಿದ್ದರೂ ನೇರ ಪ್ರವೇಶ, ಸಿಗುತ್ತಿತ್ತು, ವಿಮಾನದ ಖರ್ಚಿಲ್ಲದೆ ರ‍್ಯಾಂಕಿಂಗ್ ಪಾಯಿಂಟ್ ಸಿಗುತ್ತಿತ್ತು. ನಾನು ಆಡುತ್ತಿದ್ದ ಕ್ಲಬ್ಬಿನಲ್ಲಿ ಹುಡುಗಿಯರಿಗೆ ಕೋರ್ಟ್ ಬಿಡುತ್ತಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕು, ನೆತ್ತಿ ಸುಡೋ ಹೊತ್ತಲ್ಲಿ. ಮಳೆಗಾಲದಲ್ಲಿ ಅದೂ ಇಲ್ಲ, ಕೋರ್ಟ್ ತುಂಬಾ ಪಾಚಿ. ಅಂಥವರಿಗೆ ಸೆರೆನಾ ದೇವರ ಪಟ ಇದ್ದ ಹಾಗೆ. ಕೈಗೆ ಎಟುಕೋ ಹಾಗೆ ಕಾಣಬಹುದಿತ್ತು ಅಂದರೆ ಶ್ವೆಡೋವಾ.

"ಜನ ಸ್ಟಾರ್ ಇದ್ರೆ ಮಾತ್ರ ಬರ್ತಾರೆ" ಅಂತ ಬೈಯ್ಯೋಳೂ ನಾನೇ. 2006ರಲ್ಲೂ 2007ರಲ್ಲೂ ಅದೇ ಬಸ್ ಇತ್ತು, ಚಿಕ್ಕಪ್ಪನೂ ಇದ್ದರು. ಪೇಪರಿನ ಕೊನೇ ಪುಟದಲ್ಲಿ ಸುದ್ದಿಯೂ ಇತ್ತು. ನಾನು ಓದಿ, ಮಡಚಿಟ್ಟು, ಸುಮ್ನೆ ಮನೇಲಿದ್ದೆ.