ಲಕ್ಷದ ಸಂಬಳ ಕಾಣುತ್ತದೆ, ಸಾಲ ಕಾಣುವುದಿಲ್ಲ

ವಿಮಾನ ತಾನಾಗಿಯೇ ಹಾರುವಾಗ ಪೈಲಟ್‌ಗಳಿಗೆ ಲಕ್ಷಗಟ್ಟಲೆ ಸಂಬಳ ಯಾಕೆ ಎಂದು ಲೇಖನದಲ್ಲಿ ಕೇಳಿದ್ದೀರಿ. ಒಪ್ಪಲು ಆಗುತ್ತಿಲ್ಲ ಸರ್.

ನನ್ನ ಅಕ್ಕನ ಮಗ ದಾವಣಗೆರೆಯಲ್ಲೇ ಬೆಳೆದ ಹುಡುಗ. ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅದಕ್ಕೆ ಭಾವ ಹರಿಹರದ ಹತ್ತಿರದ ಗದ್ದೆ ಮಾರಿದರು. ಆಮೇಲೆ ಟೈಪ್ ರೇಟಿಂಗ್, ಅಂದರೆ ಒಂದು ಮಾದರಿಯ ವಿಮಾನ ನಡೆಸುವ ತರಬೇತಿ. ಅದಕ್ಕೆ ಮತ್ತೆ ಬ್ಯಾಂಕ್ ಸಾಲ. ಅಷ್ಟಾದರೂ ಕೆಲಸಕ್ಕೆ ಎರಡು ವರ್ಷ ಕಾದ. ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡದ ದಿನಗಳು ಅವು.

ಈಗ ಅವನು ಕೋ-ಪೈಲಟ್. ಸಂಬಳದ ಒಂದು ಭಾಗ ಹಾರಿದ ಗಂಟೆಯ ಲೆಕ್ಕದ್ದು. ವರ್ಷಕ್ಕೆ 1000 ಗಂಟೆ ಮೀರುವಂತಿಲ್ಲ. ವರ್ಷ ವರ್ಷ ವೈದ್ಯಕೀಯ ಪರೀಕ್ಷೆ. ಅದರಲ್ಲಿ ಫೇಲಾದರೆ ಹಾರಾಟ ನಿಂತಿತು, ಕಂತು ನಿಲ್ಲಲ್ಲ. 2019ರಲ್ಲಿ ಜೆಟ್ ಏರ್‌ವೇಸ್ ಮುಚ್ಚಿದಾಗ ತಿಂಗಳುಗಟ್ಟಲೆ ಸಂಬಳ ಸಿಗದ ಪೈಲಟ್‌ಗಳಿದ್ದರು, ಮರೆತಿರಾ?

ಮಂಜಿನಲ್ಲಿ, ಅಡ್ಡಗಾಳಿಯಲ್ಲಿ ಇಳಿಸಬೇಕೋ ವಾಪಸ್ ಏರಿಸಬೇಕೋ ಎಂದು ತೀರ್ಮಾನಿಸುವುದು ಮನುಷ್ಯನೇ. ಹಿಂದೆ 180 ಜನ ಕೂತಿರುತ್ತಾರೆ. ಕ್ಯಾಪ್ಟನ್‌ಗೂ ಹೊಸಬರಿಗೂ ಸಂಬಳದ ಅಂತರ ಜಾಸ್ತಿ ಎಂಬುದು ನಿಜ. ದಯವಿಟ್ಟು ಅದರ ಬಗ್ಗೆಯೂ ಬರೆಯಿರಿ.