ಕಲ್ಲಿಗೆ ಬೆನ್ನು ಹಾಕಿ ನಿಂತವನು

ಊರು ತೋರಿಸೆಂದು ಬರುವ ಗೆಳೆಯರನ್ನು ಇನ್ನೆಷ್ಟು ಸಲ ಸಹಿಸಲಿ? ನಿನ್ನೆ ನೆತ್ತಿ ಸುಡುವ ಬಿಸಿಲಿನಲ್ಲಿ ಒಬ್ಬನನ್ನು ರಾಯಚೂರು ಕೋಟೆಯ ಪಡುವಣ ಗೋಡೆಯ ಮುಂದೆ ನಿಲ್ಲಿಸಿದೆ. 41 ಅಡಿಗೂ ಉದ್ದದ ಒಂದೇ ಕಲ್ಲು, ಅದರ ಮೇಲೆ 1294ರ ಶಾಸನ. ಪಕ್ಕದಲ್ಲೇ, ಆ ಬಂಡೆಯನ್ನು ಬಂಡಿಗೆ ಹೇರಿ ತಂದ ಬಗೆಯನ್ನು ಕೊರೆದಿದ್ದಾರೆ. ಎಳೆಯುವ ಜಾನುವಾರುಗಳ ಸಾಲು, ಜೊತೆಗೆ ಕೈಹಚ್ಚಿದ ಆಳುಗಳು. ಏಳು ನೂರು ವರ್ಷಗಳ ಹಿಂದಿನ ಬೆವರು ಕಣ್ಣೆದುರಿಗಿದೆ! ಅವನು ಅದಕ್ಕೆ ಬೆನ್ನು ಹಾಕಿ, ಕೂದಲು ಸರಿಮಾಡಿಕೊಂಡು, ಮೊಬೈಲನ್ನು ನನ್ನ ಕೈಗಿಟ್ಟು, "ಗೋಡೆ ಬರದಿದ್ದರೂ ಪರವಾಗಿಲ್ಲ, ಶೂ ಬರಲಿ" ಎಂದ.

ಮೈಯೆಲ್ಲ ಉರಿದುಹೋಯಿತು. ಏಕ್ ಮಿನಾರ್ ಮಸೀದಿಯ ಮುಂದೆಯೂ ಇದೇ, ಮಾವಿನ ಕೆರೆಯ ದಂಡೆಯಲ್ಲೂ ಇದೇ. "ಕಣ್ಣು ಮುಚ್ಚಿಬಿಟ್ಟೆ, ಇನ್ನೊಂದು." "ಸ್ವಲ್ಪ ಬಗ್ಗಿ ತೆಗೆ." ತೆಗೆದದ್ದನ್ನು ಹಿಗ್ಗಿಸಿ ನೋಡಿ, ಅಳಿಸಿ, ಮತ್ತೆ ನಿಲ್ಲುವುದು. ನಾನೇನು ಬಾಡಿಗೆಗೆ ಬಂದವನೇ? 1513ರ ಮಸೀದಿಯ ಆ ಒಂಟಿ ಮಿನಾರನ್ನು ಒಮ್ಮೆಯಾದರೂ ಬರಿಗಣ್ಣಿನಿಂದ ತಲೆಯೆತ್ತಿ ನೋಡಿದನೇ?

ಸಂಜೆ ಬಸ್ ಹತ್ತುವಾಗ ಕೇಳಿದ: "ಆ ಶಾಸನ ಯಾವ ಕಾಲದ್ದು? ಫೋಟೋದ ಕೆಳಗೆ ಬರೆಯಬೇಕಿತ್ತು." ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದೆ.